ಅಡ್ಡಬಾಲದ ಹಕ್ಕಿ

ಮಾದಾಪುರದ ಸುತ್ತಿನ ಕಾಫಿ ತೋಟಗಳಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರುಗಳಿಗೇನೂ ಬರವಿರಲಿಲ್ಲ. ಆದರೆ ಕುತ್ತಿಗೆಗೆ ದುರ್ಬೀನು ತಗುಲಿಸಿಕೊಂಡು ಬೆಳಗಿನ ಹಾಜರಿಯ ಮಸ್ಟರಿಗೆ ಬರುವ ರೈಟರು ನಾಣಯ್ಯ ಒಬ್ಬನೇ. ದುರ್ಬೀನು ಅವನು ಕೊಂಡದ್ದಲ್ಲ. ಸ್ವಾತಂತ್ರ್ಯ ಬಂದ ವರ್ಷ ತೋಟ ಮಾರಿ ಹಡಗು ಹತ್ತಿದ ದೊರೆ ಬಿಟ್ಟುಹೋದದ್ದು. ಜೊತೆಗೆ ಒಂದು ಇಂಗ್ಲಿಷ್ ಹಕ್ಕಿ ಪುಸ್ತಕವನ್ನೂ ಬಿಟ್ಟುಹೋಗಿದ್ದ. ಗೆದ್ದಲು ತಿಂದು ಉಳಿದ ಹಾಳೆಗಳನ್ನು ನಾಣಯ್ಯ ಬಾಯಿಪಾಠ ಮಾಡಿದ್ದ. ದೊರೆಯ ಹಿಂದೆ ಹದಿನೈದು ವರ್ಷ ಕೋವಿ ಹೊತ್ತು ತಿರುಗಿ, ಹೊಡೆದ ಹಕ್ಕಿಯ ತೊಗಲು ಸುಲಿದು ಹತ್ತಿ ತುಂಬುವುದನ್ನೂ ಕಲಿತಿದ್ದ. ಇಷ್ಟಿದ್ದರೆ ಸಾಲದೆ? ತೋಟದಲ್ಲಿ ಯಾವ ಹಕ್ಕಿ ಕೂಗಲಿ, ಯಾರೂ ಕೇಳದಿದ್ದರೂ ಅದರ ಹೆಸರು ಹೇಳಿಯೇ ಮುಂದೆ ಹೋಗುತ್ತಿದ್ದ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿದ್ದ ಯಜಮಾನಿ ವಿಮಲಮ್ಮ, ನಮ್ಮ ರೈಟರಿಗೆ ಗೊತ್ತಿಲ್ಲದ ಹಕ್ಕಿಯೇ ಇಲ್ಲ ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ನಾಣಯ್ಯನಿಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಕೊಡಗಿಗೆ ಮೊದಲ ಚುನಾವಣೆ ನಡೆದು ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳು ಕುಳಿತ ವರ್ಷ. ಹಣ್ಣು ಕೊಯ್ಯುವ ಕಾಲ. ಮೇಲಿನ ಬ್ಲಾಕಿನ ದೊಡ್ಡ ಬಳಂಜಿ ಮರದ ಕೆಳಗೆ ತರಗೆಲೆಯ ಮೇಲೆ ಒಂದು ಪುಟ್ಟ ಹಕ್ಕಿ ನಡೆದಾಡುತ್ತಿತ್ತು. ನಾಣಯ್ಯ ನಿಂತ. ಕೊಯ್ಯುವ ಹೆಂಗಸರು ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ, ಇದು ತೊರೆಯ ಹತ್ತಿರ ಬಾಲ ಕುಣಿಸುತ್ತ ಕಾಣುವ ಹಳದಿ ಹೊಟ್ಟೆಯ ಕುಂಡೆಕುಸ್ಕ, ಇದು ಹೆಣ್ಣು, ಅದಕ್ಕೇ ಬಣ್ಣವಿಲ್ಲ ಎಂದ. ಎಲ್ಲರೂ ಹೂಂ ಎಂದರು. ಗಿಡದ ಬುಡದಿಂದ ಮಾತ್ರ ಒಂದು ನಗು ಕೇಳಿಸಿತು.

ನಕ್ಕವಳು ಜವರಿ. ಹಾಸನದ ಸೀಮೆಯಿಂದ ಬಂದು ಆಳುಗಳ ಲೈನಿನಲ್ಲಿ ನೆಲೆ ನಿಂತವಳು, ವಯಸ್ಸು ಐವತ್ತರ ಮೇಲೆ. ಬೆನ್ನು ಬಾಗಿ ಕೊಂಬೆ ಎಳೆಯಲು ಆಗದ್ದರಿಂದ ಅವಳನ್ನು ಉದುರಿದ ಹಣ್ಣು ಹೆಕ್ಕಲು ಹಾಕಿದ್ದರು. ದಿನವೆಲ್ಲ ಕುಕ್ಕುರುಗಾಲಿನಲ್ಲಿ ಕುಳಿತು, ತರಗೆಲೆ ಕೆದಕಿ, ಹಣ್ಣನ್ನು ಪುಟ್ಟಿಗೆ ಹಾಕುವ ಕೆಲಸ.

'ಅದು ತೊರೇದು ಬುದ್ಧಿ, ಇದು ಬ್ಯಾರೆ,' ಎಂದಳು. 'ತೊರೇದರ ಬಾಲ ಮ್ಯಾಕೂ ಕೆಳಕೂ ಆಡ್ತದೆ, ಹೂಂ ಹೂಂ ಅಂದಂಗೆ. ಇದರ ಬಾಲ ನೋಡಿ, ಅಡ್ಡಡ್ಡ ಆಡ್ತದೆ. ಊಹೂಂ ಅಂದಂಗೆ.'

ನಾಣಯ್ಯ ದುರ್ಬೀನು ಎತ್ತಿದ. ಬಾಲವಷ್ಟೇ ಅಲ್ಲ, ಹಿಂಬದಿಯೆಲ್ಲ ಅತ್ತಿಂದಿತ್ತ ಬಳುಕುತ್ತಿತ್ತು. ಬಿಳಿ ಎದೆಯ ಮೇಲೆ ಎರಡು ಕಪ್ಪು ಪಟ್ಟೆ, ರೆಕ್ಕೆಯ ಮೇಲೆ ತಿಳಿಹಳದಿ ಗೆರೆಗಳು. ಹಳದಿ ಹೊಟ್ಟೆಯದರ ಹೆಣ್ಣೂ ಅಲ್ಲ, ಮರಿಯೂ ಅಲ್ಲ. ಆರು ವರ್ಷದಿಂದ ಈ ಜಾತಿಯ ಹಕ್ಕಿಗೆ ತಪ್ಪು ಹೆಸರು ಹೇಳಿಕೊಂಡು ಓಡಾಡಿದ್ದೆ ಎಂದು ತಿಳಿದಾಗ ಅವನ ಕಿವಿ ಬಿಸಿಯಾಯಿತು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದೂ ಕಂಡಿತು. ಮಾತಾಡುತ್ತ ಕೂತರೆ ಪುಟ್ಟಿ ತುಂಬುವುದಿಲ್ಲ ಎಂದು ಜವರಿಯನ್ನು ಗದರಿಸಿ ಅಲ್ಲಿಂದ ಹೊರಟ.

ಮನೆಗೆ ಹೋಗಿ ಪುಸ್ತಕ ತೆಗೆದರೆ ಹಕ್ಕಿ ಅದರಲ್ಲಿತ್ತು. ಚೀನಾ, ಕೊರಿಯಾ ಕಡೆಯ ಕಾಡಿನಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇತ್ತ ಬರುವುದು, ಬಾಲವನ್ನು ಪಕ್ಕಕ್ಕೆ ಆಡಿಸುವುದು. ಇಷ್ಟು ಹೇಳಿ, ಇದರ ನಡವಳಿಕೆಯ ಬಗ್ಗೆ ಹೆಚ್ಚು ತಿಳಿದಿಲ್ಲ ಎಂದು ಪುಸ್ತಕವೇ ಕೈಚೆಲ್ಲಿತ್ತು. ಆ ಒಂದು ಸಾಲು ನಾಣಯ್ಯನ ತಲೆ ಕೆಡಿಸಿತು. ಪುಸ್ತಕ ಬರೆದ ದೊಡ್ಡವರಿಗೂ ಗೊತ್ತಿಲ್ಲದ್ದು ತನ್ನ ತೋಟದಲ್ಲಿ ಕಾಲಿನ ಕೆಳಗೇ ಓಡಾಡುತ್ತಿದೆ.

ಮಾರನೆಯ ದಿನದಿಂದ ಅವನು ಬಳಂಜಿ ಮರದ ಹತ್ತಿರ ಸುಳಿಯತೊಡಗಿದ. ಆದರೆ ನೋಡಲು ಹೋದರೆ ಹಕ್ಕಿ ಎಲ್ಲಿ ನಿಲ್ಲುತ್ತದೆ? ಬೂಟಿನ ಸದ್ದು ಕೇಳಿದ್ದೇ 'ಚಿಂಕ್' ಎಂದು ಕೊಂಬೆಗೆ ಹಾರುತ್ತಿತ್ತು. ಜವರಿಯ ಹತ್ತಿರ ಮಾತ್ರ ಅದಕ್ಕೆ ಹೆದರಿಕೆಯಿರಲಿಲ್ಲ. ಅವಳು ಕೆದಕಿದ ತರಗೆಲೆಯ ಕೆಳಗಿನಿಂದ ಹುಳ, ಇರುವೆ, ಜೇಡ ಹೊರಬೀಳುತ್ತಿದ್ದವು. ಅವಳ ಹಿಂದೆಯೇ ಅದು ಆರಿಸಿ ತಿನ್ನುತ್ತ ನಡೆಯುತ್ತಿತ್ತು. ಕೊನೆಗೆ ನಾಣಯ್ಯ ನಾಚಿಕೆ ಬಿಟ್ಟು ಅವಳನ್ನೇ ಕೇಳಲು ಕುಳಿತ. ಗಂಜಿಯ ಬಿಡುವಿನಲ್ಲಿ ಅವಳು ಎಲೆಯಡಿಕೆ ಹಾಕಿಕೊಂಡು ಹೇಳುತ್ತಿದ್ದಳು, ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ಅವಳಿಗೆ ಗೊತ್ತಿಲ್ಲದ್ದು ಯಾವುದು! ಹಕ್ಕಿ ಬರುವುದು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ, ಒಂದು ವಾರ ಹಿಂದೆ ಮುಂದೆ. ಹೋಗುವುದು ಹೂಮಳೆ ಬಿದ್ದು ಕಾಫಿ ಹೂ ಬಾಡಿದ ಮೇಲೆ. ಇರುವುದು ಒಂಟಿಯಾಗಿ. ಬಳಂಜಿ ಮರದಿಂದ ಜೋಡಿ ಹಲಸಿನವರೆಗೆ ಅದರ ಗಡಿ. ಅದರೊಳಗೆ ತನ್ನ ಜಾತಿಯ ಇನ್ನೊಂದು ಕಾಲಿಟ್ಟರೆ ಅಟ್ಟಿಕೊಂಡು ಹೋಗುತ್ತದೆ. ಹೆದರಿದರೆ ದೂರ ಹಾರುವುದಿಲ್ಲ, ಮೇಲಿನ ಕೊಂಬೆಗೆ ಹಾರಿ ಅಲ್ಲಿಯೂ ನೆಲದ ಮೇಲಿನಂತೆಯೇ ನಡೆಯುತ್ತದೆ. ಸಂಜೆಯಾದರೆ ಎಲ್ಲವೂ ಕೆಳಗಿನ ಜೌಗಿನ ವಾಟೆ ಬಿದಿರಿನ ಮೆಳೆಗೆ ಹೋಗಿ ಮಲಗುತ್ತವೆ. ಇಷ್ಟನ್ನು ಹೇಳಿ ಒಂದು ದಿನ ಅವಳು ಇನ್ನೊಂದು ಸಂಗತಿ ಹೇಳಿದಳು. ಈ ಹಕ್ಕಿಯ ಎಡಗಾಲಿಗೆ ಹೊರಬೆರಳಿಲ್ಲ. ನಾಲ್ಕು ವರ್ಷದಿಂದ ಬರುತ್ತಿರುವುದು ಇದೇ ಬೆರಳಿಲ್ಲದ ಹಕ್ಕಿ.

ಇದು ಚೀನಾದ ಆಚೆಯಿಂದ ಬರುತ್ತದೆ ಎಂದು ನಾಣಯ್ಯ ಹೇಳಿದಾಗ ಅವಳು ಹಕ್ಕಿಯ ಕಡೆ ತಿರುಗಿ ನೋಡಿದಳು. ಅಷ್ಟು ದೂರದಿಂದ ಬಂದು ಇದೇ ಗಿಡದ ಬುಡ ಎಂದು ಹೇಗೆ ಗೊತ್ತಾಗುತ್ತದೋ, ತನಗೆ ಕೊಡ್ಲಿಪೇಟೆಯಿಂದ ಬಸ್ಸು ಹತ್ತಿದರೇ ಮಾದಾಪುರದಲ್ಲಿ ಇಳಿಯುವುದು ತಪ್ಪಿಹೋಗುತ್ತದೆ ಎಂದು ನಕ್ಕಳು.

ನಾಣಯ್ಯ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಬೊಂಬಾಯಿಯ ಹಕ್ಕಿ ಶಾಸ್ತ್ರದವರೊಬ್ಬರಿಗೆ ಕಳಿಸಿದ. ವಿಳಾಸ ದೊರೆಯ ಪುಸ್ತಕದೊಳಗಿನ ಹಳೆಯ ಲಕೋಟೆಯ ಮೇಲಿತ್ತು. ಪ್ರತಿ ಸಾಲೂ 'ನಾನು ಕಂಡಂತೆ' ಎಂದು ಶುರುವಾಗುತ್ತಿತ್ತು. ಬರೆಯುವಾಗ ಜವರಿಯ ನೆನಪು ಬರಲಿಲ್ಲವೆಂದಲ್ಲ. ಹಣ್ಣು ಹೆಕ್ಕುವ ಹೆಂಗಸು ಹೇಳಿದಳೆಂದರೆ ಬೊಂಬಾಯಿಯವರು ನಂಬುವುದುಂಟೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇಂಥ ಸಮಾಧಾನಗಳು ಕೇಳಿದ ತಕ್ಷಣ ಸಿಕ್ಕಿಬಿಡುತ್ತವೆ.

ಉತ್ತರ ಬಂತು. ಮರ್ಯಾದೆಯ ಕಾಗದವೇ. ಬಹಳ ಬೆಲೆಯುಳ್ಳ ವಿವರಗಳು. ಆದರೆ ಕೊಡಗಿನ ತೋಟಗಳಲ್ಲಿ ಈ ಜಾತಿಯ ಬೇರೆ ಹಕ್ಕಿಗಳೂ ಇರುವುದರಿಂದ, ಗುರುತು ತಪ್ಪಿರಬಹುದೆ ಎಂದು ಇನ್ನೊಮ್ಮೆ ನಿಧಾನವಾಗಿ ನೋಡಿ ಬರೆಯಿರಿ ಎಂದಿದ್ದರು. ನೋಡಿ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಒಮ್ಮೆ ನಿಜವಾಗಿಯೂ ತಪ್ಪಿದ್ದವನಿಗೆ ಗುರುತು ತಪ್ಪಿರಬಹುದೆ ಎಂಬ ಮಾತು ಸುಮ್ಮನೆ ತಾಗುತ್ತದೆಯೆ? ನಾಣಯ್ಯನಿಗೆ ರಾತ್ರಿಯ ಅನ್ನ ಇಳಿಯಲಿಲ್ಲ. ದೊರೆ ಇಂಥ ಸಂದರ್ಭದಲ್ಲಿ ಏನು ಮಾಡುತ್ತಿದ್ದನೋ ಅದನ್ನೇ ಮಾಡಲು ಮನಸ್ಸು ಗಟ್ಟಿ ಮಾಡಿಕೊಂಡ. ಹುಟ್ಟಿದಾಗಿನಿಂದ ಮನೆಯ ಗೋಡೆಯ ಮೇಲೆ ಕೋವಿ ಕಂಡವನು. ಯಾರಾದರೂ ಅನುಮಾನ ಪಟ್ಟರೆ ಕೈ ಮೊದಲು ಅತ್ತಲೇ ಹೋಗುತ್ತದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಜವರಿಯನ್ನು ಕರೆದು, ನೀನು ಎಂದಿನಂತೆ ಬಳಂಜಿ ಮರದ ಕೆಳಗೆ ಕೂತು ಹೆಕ್ಕು, ಅಲುಗಾಡಬೇಡ, ನಾನು ಹಿಂದಿನಿಂದ ನೋಡುತ್ತೇನೆ ಎಂದ. ಅವಳಿಗೆ ಖುಷಿಯಾಯಿತು. ತನ್ನ ಹಕ್ಕಿಯನ್ನು ರೈಟರು ಇಷ್ಟು ಶ್ರದ್ಧೆಯಿಂದ ನೋಡುವುದು ಅವಳಿಗೆ ಹಿಡಿಸಿತ್ತು. ಹೆಗಲ ಮೇಲೆ ಕೋವಿ ಇದ್ದದ್ದನ್ನು ಕಂಡರೂ ಅವಳೇನೂ ಅಂದುಕೊಳ್ಳಲಿಲ್ಲ. ಮಂಗ ಓಡಿಸಲು ಅವನು ಕೋವಿ ಹೊರದ ದಿನವೇ ಕಡಿಮೆ. ಹಕ್ಕಿ ಬಂತು, ಬಾಲ ಆಡಿಸುತ್ತ ಅವಳ ಕಡೆಗೆ ನಡೆಯಿತು. ನಾಣಯ್ಯ ಸಿಡಿದು ಹರಡುವ ಸಣ್ಣ ಚಿಲ್ಲಿನ ತೋಟೆ ಹಾಕಿ ಗುರಿಯಿಟ್ಟು ಹೊಡೆದ.

ಜವರಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಪಕ್ಕಕ್ಕೆ ಉರುಳಿದಳು. ಪುಟ್ಟಿ ಮಗುಚಿ ಹಣ್ಣೆಲ್ಲ ಇಳಿಜಾರಿನಲ್ಲಿ ಉರುಳಿಹೋಯಿತು. ನಾಣಯ್ಯ ಓಡಿಬಂದದ್ದು ಹಕ್ಕಿಯ ಹತ್ತಿರಕ್ಕೆ. ಅದನ್ನು ಎತ್ತಿ ಎಡಗಾಲು ಬಿಡಿಸಿ ನೋಡಿದ, ಹೊರಬೆರಳು ಇರಲಿಲ್ಲ. 'ಜವರಿ, ನೀನು ಹೇಳಿದ್ದು ಸರಿ ನೋಡು!' ಎಂದು ಸಂತೋಷದಿಂದ ಅವಳ ಮುಖದ ಮುಂದೆ ಹಿಡಿದ. ನಿನಗೇನಾದರೂ ತಾಗಿತೆ ಎಂದು ಕೇಳಲಿಲ್ಲ. ಆ ಬೆಳಗಿನ ಎಲ್ಲದಕ್ಕಿಂತ, ಹೊಡೆದದ್ದಕ್ಕಿಂತಲೂ, ಈ ಒಂದು ಸಂಗತಿ ನೆನೆದಾಗಲೆಲ್ಲ ಅವನಿಗೆ ಮುಂದೆ ಮೈಯೆಲ್ಲ ಮುದುಡುತ್ತಿತ್ತು. ಅಂದು ಮಾತ್ರ ಅವನ ಕಣ್ಣಿಗೆ ಬೆರಳಿಲ್ಲದ ಕಾಲಲ್ಲದೆ ಬೇರೇನೂ ಕಾಣಲಿಲ್ಲ. ಜವರಿ ಎದ್ದು ಕುಳಿತು ಚೆಲ್ಲಿದ ಹಣ್ಣು ಹೆಕ್ಕತೊಡಗಿದಳು.

ಎರಡು ದಿನ ಬಿಟ್ಟು ಅವಳು ಮೇಸ್ತ್ರಿಯ ಮೂಲಕ, ತನಗೆ ನರ್ಸರಿಯಲ್ಲಿ ಕೆಲಸ ಕೊಡಬೇಕೆಂದು ಕೇಳಿಸಿದಳು. ಬೆನ್ನು ನೋವಿರಬೇಕು ಎಂದುಕೊಂಡು ನಾಣಯ್ಯ ಹೆಚ್ಚು ಯೋಚನೆ ಮಾಡದೆ ಹೂಂ ಎಂದ. ಅವನಾಗ ಬೊಂಬಾಯಿಗೆ ಕಳಿಸಲು ಹಕ್ಕಿಯ ತೊಗಲಿಗೆ ಹತ್ತಿ ತುಂಬುವುದರಲ್ಲಿದ್ದ.

ಬೊಂಬಾಯಿಯಿಂದ ಉತ್ತರ ಬಂದದ್ದು ಹೂಮಳೆ ಕಳೆದ ಮೇಲೆ. ನಿಮ್ಮ ಗುರುತು ಖಂಡಿತ ಸರಿ, ಅನುಮಾನ ಪಟ್ಟದ್ದಕ್ಕೆ ಕ್ಷಮೆಯಿರಲಿ, ನಿಮ್ಮ ವಿವರಗಳನ್ನು ನಿಮ್ಮ ಹೆಸರಿನಲ್ಲಿ ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ ಎಂದು ಬರೆದಿದ್ದರು. ಕೊನೆಗೆ ಇನ್ನೊಂದು ಸಾಲು ಇತ್ತು. ನಾಲ್ಕು ವರ್ಷ ತಪ್ಪದೆ ಅದೇ ಮರದಡಿಗೆ ಬಂದ ಹಕ್ಕಿಯನ್ನು ಹೊಡೆಯದೆ ಬಿಟ್ಟಿದ್ದರೆ ಇನ್ನೂ ಎಷ್ಟು ವರ್ಷ ಬರುತ್ತಿತ್ತೆಂದು ತಿಳಿಯುತ್ತಿತ್ತು, ನಿಮ್ಮ ಮಾತೇ ನಮಗೆ ಸಾಕಾಗಿತ್ತು.

ನಾಣಯ್ಯ ಆ ಕಾಗದವನ್ನು ವಿಮಲಮ್ಮನವರಿಗೆ ಓದಿ ಹೇಳಿದ, ಕೊನೆಯ ಸಾಲನ್ನು ಬಿಟ್ಟು. ಬಿಟ್ಟದ್ದೇನೋ ಬಾಯಿ, ಕಣ್ಣು ಅದನ್ನು ಓದಿಯಾಗಿತ್ತು. ಅವತ್ತಿನಿಂದ ಅವನ ನೆಮ್ಮದಿ ಹಾಳಾಯಿತು. ನಿಮ್ಮ ಮಾತೇ ಸಾಕಾಗಿತ್ತು ಅಂತೆ. ಮಾತು ಯಾರದು?

ಮಳೆಗಾಲದ ಕೊನೆಯಲ್ಲಿ ಪತ್ರಿಕೆ ಬಂತು. ವಿಮಲಮ್ಮ ಮಸ್ಟರಿನ ಹೊತ್ತಿಗೆ ಕಾಫಿ ಕಣಕ್ಕೆ ಬಂದು, ರೈಟರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಪುಟ ತೆರೆದು ತೋರಿಸಿ ಕನ್ನಡದಲ್ಲಿ ವಿವರಿಸಿದರು. ನಾಲ್ಕು ವರ್ಷ ತಾಳ್ಮೆಯಿಂದ ನಮ್ಮ ನಾಣಯ್ಯ ಈ ಹಕ್ಕಿಯ ಹಿಂದೆ ಬಿದ್ದು ಕಂಡುಹಿಡಿದದ್ದನ್ನು ಈಗ ಬಿಳಿಯರೂ ಓದುತ್ತಾರೆ ಎಂದರು. ಆಳುಗಳು ತಲೆದೂಗಿದರು. ಹಿಂದಿನ ಸಾಲಿನಲ್ಲಿ ಜವರಿ ನಿಂತಿದ್ದಳು. ಒಂದು ಮಾತು ಸಾಕಿತ್ತು, ಅಮ್ಮಾ, ಇದು ನಾನು ಕಂಡದ್ದಲ್ಲ, ಅವಳು ಕಂಡದ್ದು ಎಂದು. ವಿಮಲಮ್ಮನವರ ಮುಖದಲ್ಲಿದ್ದ ಹೆಮ್ಮೆ ನೋಡಿದ, ಆ ಮಾತನ್ನು ನುಂಗಿದ. ಜವರಿ ಅವನ ಕಡೆ ನೋಡಲೇ ಇಲ್ಲ. ಅವಳು ದೊಡ್ಡ ಮನಸ್ಸಿನವಳು, ಬೇಸರ ಇಟ್ಟುಕೊಂಡಿಲ್ಲ ಎಂದು ಅಂದುಕೊಂಡ. ಅಂದುಕೊಳ್ಳುವುದಕ್ಕೆ ಏನು ಖರ್ಚು?

ಕಾವೇರಿ ಸಂಕ್ರಮಣ ಬಂತು. ತೋಟದ ಬೇರೆ ಕಡೆಗಳಲ್ಲಿ ಅಡ್ಡಬಾಲದ ಹಕ್ಕಿಗಳು ಕಂಡವು. ಬಳಂಜಿ ಮರದ ಕೆಳಗೆ ಒಂದೂ ಬರಲಿಲ್ಲ. ಹುತ್ತರಿ ಹಬ್ಬದವರೆಗೂ ನಾಣಯ್ಯ ದಿನಾ ಬೆಳಿಗ್ಗೆ ಹೋಗಿ ನೋಡಿ ಬಂದ. ಬರುವ ಹಕ್ಕಿಯನ್ನು ತಾನೇ ಬೊಂಬಾಯಿಗೆ ಕಳಿಸಿದ್ದು ಅವನಿಗೆ ಗೊತ್ತಿರಲಿಲ್ಲವೆ? ಗೊತ್ತಿದ್ದೂ ಹೋಗುತ್ತಿದ್ದ. ಖಾಲಿ ತರಗೆಲೆ ನೋಡಿ ನಾಚಿಕೆಯಾಗುತ್ತಿತ್ತು. ನಾಚಿಕೆಪಡಲಿಕ್ಕೆಂದೇ ಹೋಗುತ್ತಿದ್ದನೋ ಏನೋ.

ಹಾಗಿರುವಾಗ, ಫೆಬ್ರವರಿಯಲ್ಲಿ ನಾನೇ ಕೊಡಗಿಗೆ ಬರುತ್ತಿದ್ದೇನೆ, ನಿಮ್ಮನ್ನೂ ನಿಮ್ಮ ತೋಟವನ್ನೂ ನೋಡಬೇಕು ಎಂದು ಬೊಂಬಾಯಿಯವರ ಕಾಗದ ಬಂತು. ನಾಣಯ್ಯ ಅಂದೇ ತೀರ್ಮಾನಿಸಿದ. ಅವರ ಮುಂದೆ, ವಿಮಲಮ್ಮನವರ ಮುಂದೆ, ನಿಜ ಹೇಳಿಬಿಡುವುದು. ಜವರಿಯ ಹೆಸರು ಅಚ್ಚಿನಲ್ಲಿ ಬರುವಂತೆ ಮಾಡುವುದು. ಎರಡು ತಿಂಗಳು ಇಂಗ್ಲಿಷ್ ವಾಕ್ಯಗಳನ್ನು ಕಟ್ಟಿ ಕಟ್ಟಿ ಬಾಯಿಗೆ ಕೂರಿಸಿಕೊಂಡ. ಹೇಳಿದ ಮೇಲೆ ತಾನು ಮತ್ತೆ ತಲೆಯೆತ್ತಿ ಮಸ್ಟರಿಗೆ ಹೋಗಬಹುದು ಎಂಬ ಆಸೆ ಅವನನ್ನು ಅಷ್ಟು ದಿನ ಹಿಡಿದು ನಿಲ್ಲಿಸಿತು.

ಬಂದವರು ತೆಳ್ಳಗಿನ, ಮೆಲುಮಾತಿನ ಮನುಷ್ಯ. ಕ್ಯಾನ್ವಾಸ್ ಬೂಟು ಹಾಕಿಕೊಂಡು ವಿಮಲಮ್ಮನವರ ಜೊತೆ ಬಳಂಜಿ ಮರದವರೆಗೆ ನಡೆದರು. ಹಕ್ಕಿಗೆ ನಿಮ್ಮ ಭಯ ಹೇಗೆ ಹೋಯಿತು, ಅಷ್ಟು ಹತ್ತಿರದಿಂದ ಬೆರಳು ಹೇಗೆ ಕಂಡಿರಿ ಎಂದು ಕೇಳಿದರು. ನಾಣಯ್ಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸಾರ್, ಇದರಲ್ಲಿ ಒಂದೂ ನಾನು ಕಂಡದ್ದಲ್ಲ, ಜವರಿ ಎಂಬ ನಮ್ಮ ತೋಟದ ಹೆಂಗಸು ಕಂಡದ್ದು, ನಾನು ಬರೆದೆ, ಅವಳ ಹೆಸರು ಬಿಟ್ಟು ಬರೆದೆ ಎಂದು ಕಟ್ಟಿಕೊಂಡಿದ್ದಷ್ಟನ್ನೂ ಹೇಳಿದ. ವಿಮಲಮ್ಮ ಬೆರಗಾಗಿ ಅವನನ್ನೇ ನೋಡಿದರು. ಬೊಂಬಾಯಿಯವರ ಮುಖ ಅರಳಿತು. ಈಗಲೇ ಅವಳನ್ನು ನೋಡಬೇಕು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕೋಣ ಎಂದರು. ನಾಣಯ್ಯನ ಎದೆ ಹಗುರಾಯಿತು. ನರ್ಸರಿಯ ದಾರಿ ಹಿಡಿದಾಗ, ಇಂಥ ಮಾತು ಹೇಳಲು ಎಲ್ಲರಿಗೂ ಆಗುವುದಿಲ್ಲ ಎಂದು ತನ್ನ ಬಗ್ಗೆಯೇ ಸ್ವಲ್ಪ ಅಭಿಮಾನ ಕೂಡ ಮೂಡಿತು.

ಜವರಿ ಸಸಿ ಮಡಿಯ ಬದಿಯಲ್ಲಿ ಕುಳಿತು ಕಳೆ ಕೀಳುತ್ತಿದ್ದಳು. ಮೂವರನ್ನು ಕಂಡು ಎದ್ದು ಕೈ ಒರೆಸಿಕೊಂಡಳು. ಇವರು ಬೊಂಬಾಯಿಯಿಂದ ಬಂದಿದ್ದಾರೆ, ನಿನ್ನ ಬಾಯಿಂದಲೇ ಕೇಳಬೇಕಂತೆ, ಅಡ್ಡಬಾಲದ ಹಕ್ಕಿಯ ವಿಷಯ ಹೇಳು ಎಂದ ನಾಣಯ್ಯ.

'ನಂಗೇನ್ ಗೊತ್ತು ಬುದ್ಧಿ,' ಎಂದಳು ಜವರಿ. 'ನಾನ್ ಯಾವ ಹಕ್ಕೀನೂ ನೋಡಿಲ್ಲ. ನೋಡ್ದೋರೆಲ್ಲ ರೈಟ್ರೇ.'

ನಾಣಯ್ಯ ನಕ್ಕು, ನಾಚಿಕೊಳ್ಳಬೇಡ, ನಿನ್ನ ಹೆಸರು ಅಚ್ಚಾಗುತ್ತದೆ ಎಂದ. ಸಂಕ್ರಮಣ ನೆನಪಿಸಿದ, ವಾಟೆ ಮೆಳೆ ನೆನಪಿಸಿದ. ಎಲ್ಲದಕ್ಕೂ ಅವಳದು ಒಂದೇ ಉತ್ತರ, ಗೊತ್ತಿಲ್ಲ ಬುದ್ಧಿ. ವಿಮಲಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಬೊಂಬಾಯಿಯವರು ನಾಣಯ್ಯನ ಹೆಗಲ ಮೇಲೆ ಕೈಯಿಟ್ಟು, ಬಡ ಹೆಂಗಸೊಬ್ಬಳಿಗೆ ಕೀರ್ತಿ ಬರಲೆಂದು ತನ್ನದನ್ನು ಬಿಟ್ಟುಕೊಡುವವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು. ನಾಣಯ್ಯ ಜವರಿಯ ಕಡೆಗೆ ಒಂದು ಹೆಜ್ಜೆ ಮುಂದಿಟ್ಟು, ಬಾ, ಬಳಂಜಿ ಮರದ ಹತ್ತಿರ ಹೋಗೋಣ, ಅಲ್ಲಿ ನೋಡಿದರೆ ಎಲ್ಲ ನೆನಪಾಗುತ್ತದೆ ಎಂದ.

ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಸಸಿ ಮಡಿಯನ್ನು ಎಂದೂ ತುಳಿಯದವಳು ಸಸಿಗಳ ಮೇಲೆಯೇ ಕಾಲಿಟ್ಟಳು.

'ಅಲ್ಲಿಗ್ ಮಾತ್ರ ಬ್ಯಾಡಿ ಬುದ್ಧಿ. ನಿಮ್ ಕಾಲಿಗ್ ಬೀಳ್ತೀನಿ, ಅಲ್ಲಿ ಕೂತ್ಕೋ ಅಂತ ಇನ್ನೊಂದ್ ಸಲ ಹೇಳ್ಬ್ಯಾಡಿ.'

ನಾಣಯ್ಯನಿಗೆ ಆಗ ತಿಳಿಯಿತು. ಒಂದು ವರ್ಷದಿಂದ ಅವಳು ಸುಮ್ಮನಿದ್ದದ್ದು ದೊಡ್ಡ ಮನಸ್ಸಿನಿಂದಲ್ಲ. ನರ್ಸರಿ ಕೇಳಿದ್ದು ಬೆನ್ನು ನೋವಿಗಲ್ಲ. ಮಸ್ಟರಿನಲ್ಲಿ ಮುಖ ತಗ್ಗಿಸಿದ್ದು ವಿನಯಕ್ಕಲ್ಲ. ಅವಳಿಗೆ ಅವನನ್ನು ಕಂಡರೆ ಭಯ. ತನಗೆ ಗೊತ್ತಿದ್ದದ್ದನ್ನು ಈ ಮನುಷ್ಯನಿಗೆ ಹೇಳಿದ್ದಕ್ಕೆ ಏನಾಯಿತೆಂದು ಅವಳು ಕಣ್ಣಾರೆ ಕಂಡಿದ್ದಳು. ಇನ್ನೊಮ್ಮೆ ಹೇಳುವಷ್ಟು ದಡ್ಡಿ ಅವಳಲ್ಲ.

ವಿಮಲಮ್ಮ ಅವಳ ಮುಖ ನೋಡಿದರು, ಆಮೇಲೆ ಇವನ ಮುಖ ನೋಡಿದರು. ಅವರೂ ನಾಣಯ್ಯನೂ ಮಾತಾಡಿಕೊಳ್ಳುವುದು ಯಾವಾಗಲೂ ಮನೆಮಾತಾದ ಅರೆಭಾಷೆಯಲ್ಲಿ. ಈಗ, ಜವರಿಗೂ ಅರ್ಥವಾಗಲಿ ಎಂದೋ ಏನೋ, ಕನ್ನಡದಲ್ಲಿ ಕೇಳಿದರು.

'ಇವಳನ್ನ ಎಲ್ಲಿ ಕೂರಿಸಿದ್ರಿ ನಾಣಯ್ಯ? ಯಾಕೆ?'

ನಾಣಯ್ಯ ಹೇಳಿದ. ಇದಕ್ಕೆ ಅವನು ವಾಕ್ಯ ಕಟ್ಟಿಟ್ಟುಕೊಂಡಿರಲಿಲ್ಲ. ಅವಳನ್ನು ಕರೆದದ್ದು, ಅಲುಗಾಡಬೇಡ ಎಂದದ್ದು, ಅವಳಿಗೆ ಹೇಳದೆ ಕೋವಿ ಎತ್ತಿದ್ದು, ಪುಟ್ಟಿ ಮಗುಚಿದ್ದು. ಅವಳಿಗೆ ತಾಗಿತೆ ಎಂದು ಕೇಳದೆ ಹಕ್ಕಿಯ ಕಾಲು ನೋಡಿದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ, ಅಷ್ಟೇನೂ ಹತ್ತಿರವಿರಲಿಲ್ಲ ಎಂದು ತೋರಿಸಿಕೊಳ್ಳುವ ಹಳೆಯ ಚಾಳಿ ಒಂದು ಕಡೆ ತಲೆ ಹಾಕಿತು. ಹಕ್ಕಿ ಅವಳಿಂದ ಎರಡು ಮಾರು ದೂರದಲ್ಲಿತ್ತು ಎಂದ.

'ಎರಡಲ್ಲ ಬುದ್ಧಿ,' ಎಂದಳು ಜವರಿ. ನೆಲ ನೋಡುತ್ತಲೇ ಹೇಳಿದಳು, ಆದರೆ ಸ್ವರ ಗಟ್ಟಿಯಿತ್ತು. ಕುಂಡೆಕುಸ್ಕದ ಗುರುತು ಹೇಳಿದ ದಿನ ಇದ್ದಂಥ ಸ್ವರ. 'ಒಂದೇ ಮಾರು. ನನ್ ಕಡೀಕೇ ಬತ್ತಿತ್ತು.'

ಏನೆಂದಳು ಎಂದು ಬೊಂಬಾಯಿಯವರು ಕೇಳಿದರು. ವಿಮಲಮ್ಮ, ನೀವೇ ಹೇಳಿ ಎಂಬಂತೆ, ನಾಣಯ್ಯನ ಕಡೆ ತಿರುಗಿ ನಿಂತರು. ಅವನು ತೊದಲುತ್ತ ಇಂಗ್ಲಿಷಿನಲ್ಲಿ ಶುರು ಮಾಡಿದ. ಈ ಹೆಂಗಸು ಕುಳಿತಿದ್ದಳು, ಸಾರ್. ಹಕ್ಕಿ ಇವಳ ಹತ್ತಿರಕ್ಕೆ ಬರುತ್ತಿತ್ತು. ನಾನು ಹೊಡೆದೆ. ಎಷ್ಟು ಹತ್ತಿರ ಎಂದು ಅವರು ಕೇಳಿದರು. ಮಾರು ಎನ್ನುವುದಕ್ಕೆ ಇಂಗ್ಲಿಷಿನ ಮಾತು ಅವನಿಗೆ ಹೊಳೆಯಲಿಲ್ಲ. ಟೊಪ್ಪಿಯನ್ನು ನೆಲದ ಮೇಲಿಟ್ಟು, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ ತೋರಿಸಿದ.

ಅವರು ಅವನ ಒಂದು ಕೈಯ ಬೆರಳ ತುದಿಯಿಂದ ಇನ್ನೊಂದು ಕೈಯ ಬೆರಳ ತುದಿಯವರೆಗೆ ನೋಡಿದರು. ಆಮೇಲೆ ಜವರಿಯನ್ನು ನೋಡಿದರು. ನೋಟ್‌ಬುಕ್ಕು ತೆರೆದು ಅವಳ ಹೆಸರನ್ನು ಇನ್ನೊಮ್ಮೆ ಕೇಳಿ, ವಿಮಲಮ್ಮನವರಿಂದ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಬರೆದುಕೊಂಡರು. ನಾಣಯ್ಯನ ಹೆಗಲ ಮೇಲೆ ಯಾರೂ ಕೈಯಿಡಲಿಲ್ಲ. ತೋಳು ಇಳಿಸಿ ಎಂದು ಯಾರಾದರೂ ಹೇಳುವರೇನೋ ಎಂದು ಅವನು ಹಾಗೆಯೇ ನಿಂತಿದ್ದ.